ಆಟದ ರೈಲು ಮತ್ತು ಅದರ ನಾಡು

ನವರಾತ್ರಿಯ ಗೊಂಬೆಗಳ ಮುಂದೆ ಮಣ್ಣಿನ ಗುಡ್ಡ, ಕನ್ನಡಿಯ ಕೆರೆ, ರಾಗಿಯ ಪೈರುಗಳನ್ನು ಏರ್ಪಡಿಸುವುದು ನಮ್ಮ ಮನೆಗಳ ರೂಢಿ. ಈಚೆಗೆ ಮಕ್ಕಳು ಅವುಗಳ ನಡುವೆ ಆಟದ ರೈಲನ್ನೂ ಓಡಿಸುತ್ತಿರುವರು. ಸಂತೋಷವೇ ಸರಿ. ಆದರೆ ಬಹುಮಂದಿ ಮೊದಲು ಹಳಿಯನ್ನು ಸುತ್ತಿ, ಮಿಕ್ಕ ಎಡೆಯಲ್ಲಿ ಗುಡ್ಡವನ್ನು ತುರುಕುವರು. ಕ್ರಮವು ಇದಕ್ಕೆ ವಿಪರೀತವಾಗಿರತಕ್ಕದ್ದು. ಬೆಟ್ಟ ಹೊಳೆಗಳು ಅನಾದಿಯಾದುವು. ರೈಲು ನಿನ್ನೆ ಬಂದುದು. ನೆಲವು ಎಲ್ಲಿ ಎಡೆಗೊಟ್ಟಿತೋ ಅಲ್ಲಿಯೇ ಹಳಿಯು ಹೋಗಬೇಕು.

ಹೊಸಪೇಟೆಯ ಸೀಮೆಯನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ. ಆಟದ ರೈಲುಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಪ್ರಮಾಣವು ದಿಟದ ರೈಲಿನ 87ರಲ್ಲೊಂದು ಪಾಲು. ಈ ಲೆಕ್ಕದಲ್ಲಿ 6 ಅಡಿಯ ಹಲಗೆಯು 522 ಅಡಿ ನೆಲಕ್ಕೆ ಮಾತ್ರ ಸಾಲುವುದು. ಹೊಸಪೇಟೆಯಿಂದ ಹಂಪೆಗೆ ಇರುವ ಸುಮಾರು 13 ಕಿಲೋಮೀಟರು ದಾರಿಗೆ 150 ಮೀಟರು ಉದ್ದದ ಹಲಗೆ ಬೇಕಾದೀತು! ಆದುದರಿಂದ ಇದ್ದುದೆಲ್ಲವನ್ನೂ ತುಂಬುವ ಆಸೆಯನ್ನು ಬಿಟ್ಟು, ಒಂದೊಂದು ಊರಿನ ಮುಖ್ಯ ಲಕ್ಷಣವನ್ನು ಆರಿಸಿಕೊಳ್ಳಬೇಕು.

ಹಂಪೆಯ ಲಕ್ಷಣ ಬಂಡೆ. ಅಲ್ಲಿಯ ಗುಂಡುಗಳು ಯಾರೋ ತಂದು ಒಟ್ಟಿದಂತೆ ಕಾಣುವುವು, ದಿಟವು ಹಾಗಲ್ಲ. ಗ್ರಾನೈಟು ಶಿಲೆಯ ಬಿರುಕುಗಳಲ್ಲಿ ನೀರಿಳಿದು ಅಂಚುಗಳು ಸವೆದುವು. ಸಡಿಲವಾದ ಮಣ್ಣು ಕೊಚ್ಚಿಹೋಗಿ, ಗಟ್ಟಿಯಾದ ತಿರುಳು ಉಳಿಯಿತು. ಆದುದರಿಂದ ಹೊಳೆಯ ನುಣುಪುಗಲ್ಲುಗಳನ್ನು ರಾಶಿ ಹಾಕಬೇಡಿರಿ. ಕಲ್ಲನ್ನು ಒಡೆದು, ಒಡೆದ ಮೈಗಳು ಒಂದಕ್ಕೊಂದು ಎದುರಾಗುವಂತೆ ಜೇಡಿಮಣ್ಣಿನಲ್ಲಿ ಅರ್ಧ ಹುಗಿದು ನಿಲ್ಲಿಸಿರಿ. ಹಂಪೆಗೆ ರೈಲಿಲ್ಲವಾಗಿ ಈ ಗುಡ್ಡವು ಹಲಗೆಯ ಹಿಂಬದಿಯಲ್ಲಿ, ಹಳಿಗೆ ದೂರವಾಗಿರಲಿ.

ಕಂಪ್ಲಿಯ ಲಕ್ಷಣ ಸಮನೆಲ, ತುಂಗಭದ್ರೆಯ ನೀರು, ಬತ್ತದ ಗದ್ದೆ. ಹಬ್ಬಕ್ಕೆ ಒಂದು ವಾರ ಮೊದಲು ಬಿತ್ತಿದ ರಾಗಿಯೇ ಇಲ್ಲಿ ಬತ್ತವಾಗಬಹುದು. ಕಾಲುವೆಯು ಮೇಲೆ, ಗದ್ದೆಯು ಕೆಳಗೆ ಇರಬೇಕು. ಇದನ್ನು ಮರೆತರೆ ನೀರು ಏರು ಹತ್ತಿದಂತಾಗುವುದು.

ಸಂಡೂರಿನ ಬೆಟ್ಟಗಳದು ಬೇರೆ ಜಾತಿ. ಅವು ಗುಂಡುಗಳ ರಾಶಿಯಲ್ಲ. ಉದ್ದನೆಯ ಸಾಲುಗಳು, ಕಬ್ಬಿಣದಿಂದ ಕೆಂಪಾದ ಮಣ್ಣು, ಮಳೆಗಾಲದಲ್ಲಿ ಹಸುರು ಹೊದಿಕೆ. ನಾರಿಹಳ್ಳವು ಆ ಸಾಲನ್ನು ಕೊರೆದು ಕಣಿವೆ ಮಾಡಿದೆ. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ಹಳಿಯು ಇಲ್ಲಿಯ ಅದಿರನ್ನು ಸಾಗಿಸುವುದು. ಹಲಗೆಯ ಮೇಲೆ 100 ಅಂಗುಲ ಹಳಿಗೆ 2 ಅಂಗುಲಕ್ಕಿಂತ ಹೆಚ್ಚು ಏರು ಬೇಡ, ಎಂಜಿನು ಎಳೆಯಲಾರದು. ಆದುದರಿಂದ ಹಳಿಯು ಬೆಟ್ಟವನ್ನು ಹತ್ತದೆ ತಪ್ಪಲಿನಲ್ಲಿಯೇ ನಿಲ್ಲಲಿ.

ಮೆಟ್ಟಿಲು ಮೆಟ್ಟಿಲಾಗಿ ಗಣಿಯವರು ಕಡಿದ ಬೆಟ್ಟದ ಮೈಯನ್ನು ಅಂದಕ್ಕಾಗಿ ಮರೆಸಬೇಕೆ? ಕೂಡದು. ಸಂಸ್ಕೃತದಲ್ಲಿ ಬೆಟ್ಟಕ್ಕೆ ಅಚಲವೆಂದು ಹೆಸರು. ಸಂಡೂರಿನಲ್ಲಿಯಾದರೋ ಅಚಲವೇ ಗಾಡಿಯೇರಿ ಚಲಿಸುತ್ತಿದೆ. ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಲ್ಲಿಸಿ, ಬಳಿಕ ಮಿತಿಗಳನ್ನು ವಿಧಿಸಿ ಕೆಲವು ಗಣಿಗಳಿಗೆ ಮಾತ್ರ ಅನುಮತಿಯಿತ್ತಿತು. ಕಬ್ಬಿಣವು ಎಲ್ಲರಿಗೂ ಬೇಕು. ಆಟದ ರೈಲಿಗೂ ಬೇಕು. ಅದು ಎಲ್ಲಿಂದ ಬಂದಿತೆಂಬುದು ಮಕ್ಕಳಿಗೆ ತಿಳಿದಿರಲಿ.

ಇದಕ್ಕೆ ಉಪಾಯ ಸುಲಭ. ಸಂಡೂರಿನ ಗುಡ್ಡವನ್ನು ಟೊಳ್ಳಾದ ಗೋಣಿಯಿಂದಲ್ಲದೆ ಗಟ್ಟಿ ಕೆಮ್ಮಣ್ಣಿನಿಂದಲೇ ಮಾಡಿರಿ. ಮಗುವು ಗಾಡಿಗೆ ತುಂಬುವ ಒಂದೊಂದು ಚಿಟಿಕೆ ಮಣ್ಣನ್ನೂ ಆ ಗುಡ್ಡದಿಂದಲೇ ತೆಗೆಯಲಿ. ವಿಜಯದಶಮಿಯ ಹೊತ್ತಿಗೆ ಗುಡ್ಡವು ಎಷ್ಟು ತಗ್ಗಿತೆಂಬುದನ್ನು ಯಾರೂ ಹೇಳದೆಯೇ ಅದು ಕಂಡುಕೊಳ್ಳುವುದು.