ಅತ್ತೆಗೆ ಮರೆವು, ಸೊಸೆಗೆ ಬಿಡುವಿಲ್ಲ

ಕೊಪ್ಪಳ ಜಿಲ್ಲೆಯ ತಳಕಲ್‌ನಂಥ ಊರಿನಲ್ಲಿ ಮರೆವಿನ ಕಾಯಿಲೆಯ ಅಜ್ಜಿಯೊಬ್ಬಳು ಹಾಡಹಗಲೇ ಕಳೆದುಹೋಗುವುದು ಕಷ್ಟ. ಓಣಿ ದಾಟುವಷ್ಟರಲ್ಲಿ ಯಾರಾದರೂ ‘ಯವ್ವಾ, ಎಲ್ಲಿಗೆ ಹೊಂಟಿ?’ ಎಂದು ಕೇಳಿ ಮನೆ ಮುಟ್ಟಿಸುತ್ತಾರೆ. 2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್‌ ನಾಗ್‌ ಅವರ ವೆಂಕೋಬ ರಾವ್‌ಗೆ ಆ ಭಾಗ್ಯವಿರಲಿಲ್ಲ. ಆತ ಕಳೆದುಹೋದದ್ದು ಮಹಾನಗರದಲ್ಲಿ.

ಆದರೆ ಆ ಓಣಿಯೇ ಈಗ ಬರಿದಾಗುತ್ತಿದೆ. ಮಳೆ ಕೈಕೊಟ್ಟ ವರ್ಷ ದುಡಿಯುವವರು ಬೆಂಗಳೂರು, ಮಂಗಳೂರು, ಗೋವಾ ಎಂದು ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವುದು ಹೆಚ್ಚಾಗಿ ಅತ್ತೆ ಮತ್ತು ಸೊಸೆ. ಕೂಲಿಗೆ ಹೋಗಲೇಬೇಕಾದ ಸೊಸೆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರೆ ಅದನ್ನು ಕ್ರೌರ್ಯ ಎನ್ನುವುದು ಸುಲಭ. ಹತ್ತಿರದಲ್ಲೇ ರೈಲು ಹಳಿ ಇದೆ. 2025ರಲ್ಲಿ ಇಲ್ಲಿಂದ ಕುಷ್ಟಗಿ ಕಡೆಗೂ ರೈಲು ಶುರುವಾಗಿದೆ. ಅವಳ ಭಯ ಸುಳ್ಳಲ್ಲ.

2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ, ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ನಗರಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಆದರೂ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್‌ ಹೆಸರಿದೆ, ಡಿಮೆನ್ಷಿಯಾ ಹೆಸರಿಲ್ಲ. ಮನೆಯವರೂ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗುತ್ತಾರೆ. ಬಿ12 ಕೊರತೆ, ಥೈರಾಯ್ಡ್‌, ಖಿನ್ನತೆಯಿಂದಲೂ ಇಂಥದೇ ಮರೆವು ಬರಬಹುದು, ಅದಕ್ಕೆ ಚಿಕಿತ್ಸೆಯಿದೆ ಎಂಬುದು ಅವರಿಗೆ ತಲುಪಿಯೇ ಇಲ್ಲ. ನಿಮ್ಹಾನ್ಸ್‌ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮ ಒಳ್ಳೆಯದೇ. ಆದರೆ ಅದು ನೆಚ್ಚಿಕೊಂಡಿರುವುದು ಜಿಲ್ಲಾ ಆಸ್ಪತ್ರೆಗಳನ್ನು. ಅಲ್ಲಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಕಾಯಿಲೆಗೆ ಹೆಸರು ಸಿಕ್ಕರೂ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅತ್ತೆಯನ್ನು ಯಾರ ಹತ್ತಿರ ಬಿಡುವುದು?

ಈ ಪ್ರಶ್ನೆಗೆ ಅರ್ಧ ಉತ್ತರವನ್ನು ಸರ್ಕಾರ ತನಗರಿವಿಲ್ಲದೇ ಕೊಟ್ಟಾಗಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರಲ್ಲಿ ಘೋಷಿಸಿತು. ಒಂದು ಕೋಣೆ, ತರಬೇತಿ ಪಡೆದ ಊರಿನದೇ ಹೆಂಗಸರು, ಮಧ್ಯಾಹ್ನಕ್ಕೊಂದು ಊಟ. ಆರೈಕೆ ಹೊತ್ತವಳು ದುಡಿಯಬೇಕಾದರೆ ಆ ಹೊರೆಯನ್ನು ಕೆಲ ಗಂಟೆಯಾದರೂ ಸಮುದಾಯ ಹೊರಬೇಕು ಎಂಬ ತತ್ವವನ್ನು ಪಂಚಾಯಿತಿ ಒಪ್ಪಿಕೊಂಡಂತಾಯಿತು. ಅದು ಹಿರಿಯರ ತನಕ ಏಕೆ ಬರಬಾರದು?

ಹಾಗೆಂದು ಅದೇ ಕೋಣೆಯಲ್ಲಿ ಅಜ್ಜಿಯನ್ನೂ ಕೂರಿಸಿಬಿಡಿ ಎನ್ನುತ್ತಿಲ್ಲ. ಮುಪ್ಪು ಎರಡನೇ ಬಾಲ್ಯ ಎಂಬ ಮಾತು ಕೇಳಲು ಹಿತ, ಆದರೆ ಮರೆವಿನವರಿಗೆ ಅದರಿಂದ ಆಗುವ ಅವಮಾನ ದೊಡ್ಡದು. ಐವತ್ತು ವರ್ಷ ಬಿತ್ತಿ ಬೆಳೆದವಳನ್ನು, ಹತ್ತು ಬಾಣಂತನ ಮಾಡಿದವಳನ್ನು ಕೂಸಿನಂತೆ ಗದರಿಸುವುದು, ಮುದ್ದುಗರೆಯುವುದು ಎರಡೂ ತಪ್ಪು. ಆಲ್ಜೈಮರ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ನಿನ್ನೆ ಮೊನ್ನೆಯ ನೆನಪು. ಕೈ ಕಲಿತ ಕೆಲಸ, ನಾಲಿಗೆಗೆ ರೂಢಿಯಾದ ಹಾಡು ಬಹುಕಾಲ ಉಳಿಯುತ್ತವೆ. ಮಗನ ಹೆಸರು ತಪ್ಪಿದವಳು ಕೌದಿಯ ಹೊಲಿಗೆ ತಪ್ಪದಿರಬಹುದು. ತೊಗರಿ ಹಸನು ಮಾಡಲು, ರೊಟ್ಟಿ ಬಡಿಯಲು, ಸೋಬಾನೆಗೆ ದನಿಗೂಡಿಸಲು ಕರೆದರೆ ಅವಳು ಮತ್ತೆ ಮನೆಯ ಹಿರಿಯಳು. ತೀರಿಹೋದ ಗಂಡ ಇನ್ನೂ ಊಟಕ್ಕೆ ಬರಲಿಲ್ಲವೆಂದು ಅವಳು ಕಾಯುತ್ತಿದ್ದರೆ, ಸಾವಿನ ಸುದ್ದಿಯನ್ನು ದಿನಕ್ಕೆ ನಾಲ್ಕು ಸಲ ಹೊಸದಾಗಿ ಹೇಳಿ ಅಳಿಸುವ ಸತ್ಯನಿಷ್ಠೆ ಯಾರಿಗೂ ಬೇಡ. ‘ಅವರಿಗೆ ಏನಿಷ್ಟ ಇತ್ತಬೇ?’ ಎಂದು ಕೇಳಿದರೆ ಮಾತು ಅಡುಗೆಯತ್ತ ಹೊರಳುತ್ತದೆ.

ಇಷ್ಟು ತಾಳ್ಮೆ ಹಗಲೂ ರಾತ್ರಿ ಒಬ್ಬಳೇ ಕಾಯುವವಳಲ್ಲಿ ಉಳಿಯುವುದಿಲ್ಲ. ಹಿರಿಯರ ಗೌರವದ ಭಾಷಣ ಬಿಗಿಯುವವರು ಈ ಲೆಕ್ಕವನ್ನು ಹಾಕುವುದೇ ಇಲ್ಲ. ಪೋಷಕರ ಪಾಲನೆಗೆ 2007ರ ಕಾಯ್ದೆ ಇದೆ, ನಿಜ. ಅದು ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು, ಸೊಸೆಗೆ ಒಂದು ಮಧ್ಯಾಹ್ನದ ನಿದ್ದೆ ಕೊಡಿಸಲಾರದು.

ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಗೆ ಮರೆವಿನ ಮೊದಲ ಲಕ್ಷಣ ಗುರುತಿಸಲು ಕಲಿಸಬೇಕು. ಆ ಹೆಚ್ಚುವರಿ ಕೆಲಸಕ್ಕೆ ಹೆಚ್ಚುವರಿ ಗೌರವಧನ ಕೊಡಬೇಕು. ಪಂಚಾಯಿತಿಯಲ್ಲಿ ಹಿರಿಯರಿಗೆ ಹಗಲಿನ ಆಸರೆಯೊಂದು ಇರಬೇಕು, ಅದನ್ನು ನಡೆಸುವ ಸ್ವಸಹಾಯ ಸಂಘದವರಿಗೆ ತಿಂಗಳ ಸಂಬಳ ಸಿಗಬೇಕು. ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿವೆ. ಮೊದಲ ವರ್ಷ ತಾಲ್ಲೂಕಿಗೊಂದರಂತೆ ಶುರುಮಾಡಿ ನೋಡಲಿ. ಕುಕನೂರು ತಾಲ್ಲೂಕಿನದು ತಳಕಲ್‌ನಲ್ಲೇ ಆಗಲಿ.