ದಾರಿ ಬದಿಯ ಬುಟ್ಟಿ

ಏಪ್ರಿಲ್ ಕೊನೆಯ ವಾರ ಬಂತೆಂದರೆ ಅಂಕೋಲೆಯ ರಸ್ತೆಯಂಚಿನಲ್ಲಿ ಹಾಲಕ್ಕಿ ಒಕ್ಕಲು ಸಮುದಾಯದ ಮಹಿಳೆಯರು ಮಾವಿನ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತಾರೆ. ಬುಟ್ಟಿಯಲ್ಲಿರುವುದು ಇಶಾಡ. ಅದರಲ್ಲಿ ಎರಡು ಬಗೆ. ತೆಳು ಸಿಪ್ಪೆಯ, ತಿರುಳೂ ಸಿಹಿಯೂ ಹೆಚ್ಚಿರುವ ಕರಿ ಇಶಾಡ ಒಂದು. ದಪ್ಪ ಸಿಪ್ಪೆಯ, ಸಿಹಿ ತುಸು ಕಡಿಮೆಯಾದ ಬಿಳಿ ಇಶಾಡ ಇನ್ನೊಂದು. ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಾನ್ಯತೆಯ ಪತ್ರದಿಂದ ಹಣ್ಣಿನ ಸಿಪ್ಪೆಯೇನೂ ದಪ್ಪವಾಗಲಿಲ್ಲ. ಮರದಲ್ಲಿ ಬಲಿತು ಹಣ್ಣಾದ ಕರಿ ಇಶಾಡ ಕೆಲವೇ ದಿನ ಬಾಳುತ್ತದೆ. ಲಾರಿಯ ಕುಲುಕಾಟವನ್ನು ತಡೆಯುವುದಿಲ್ಲ. ದೂರದ ಪೇಟೆಗಳ ಹಣ್ಣಿನಂಗಡಿಯಲ್ಲಿ ಬಾದಾಮಿ, ರಸಪುರಿ, ತೋತಾಪುರಿಗಳ ಸಾಲಿನಲ್ಲಿ ಅದು ಕಾಣಸಿಗುವುದು ಅಪರೂಪ. ಹಣ್ಣು ತಾನಾಗಿ ಪ್ರಯಾಣ ಮಾಡಲಾರದೆಂದ ಮೇಲೆ ತಿನ್ನುವವನೇ ಅಂಕೋಲೆಯವರೆಗೆ ಬರಬೇಕು. ಬೇಸಿಗೆ ರಜೆಯಲ್ಲಿ ಗೋಕರ್ಣಕ್ಕೋ ಕಾರವಾರಕ್ಕೋ ಹೋಗುವ ಸಾವಿರಾರು ಪ್ರವಾಸಿಗರು ಆ ಬುಟ್ಟಿಗಳ ಎದುರಿನಿಂದಲೇ ಹಾದುಹೋಗುತ್ತಾರೆ.

ಹಾದುಹೋಗುವವರಲ್ಲಿ ಕೆಲವರು ಕಾರು ನಿಲ್ಲಿಸುತ್ತಾರೆ. ಗಾಜು ಇಳಿಯುತ್ತದೆ, ಮಣಿಸರ ಧರಿಸಿದ ಅಜ್ಜಿಯ ಚಿತ್ರವೊಂದು ಮೊಬೈಲಿಗೆ ಸೇರುತ್ತದೆ, ಬೆಲೆ ಕೇಳಿ ಹತ್ತು ರೂಪಾಯಿಗೆ ಚೌಕಾಸಿ ನಡೆಯುತ್ತದೆ, ಗಾಜು ಏರುತ್ತದೆ. ಅದೇ ಸಂಜೆ ತಂಗುದಾಣದಲ್ಲಿ ಅವರ ತಟ್ಟೆಗೆ ಬರುವುದು ದೂರದ ಸೇಬು, ಕಿವಿ ಮತ್ತು ಶೀತಲಗೃಹದಿಂದ ಹೊರಬಂದ ದ್ರಾಕ್ಷಿ. ಪ್ರವಾಸಿಗರನ್ನಷ್ಟೇ ದೂರಿ ಫಲವಿಲ್ಲ. ಘಟ್ಟದ ಮೇಲಿನ ಹೋಂಸ್ಟೇಗಳಲ್ಲಿಯೂ ಇದೇ ಸ್ಥಿತಿ. ಹಿತ್ತಲಿನಲ್ಲಿ ಹಲಸು ಉದುರಿ ಕೊಳೆಯುತ್ತಿರುವಾಗ ಅತಿಥಿಯ ಮುಂದೆ ಸೇಬಿನ ಹೋಳುಗಳನ್ನಿಡುವ ಸಂಕೋಚ ನಮ್ಮ ಮನೆಗಳಲ್ಲಿ ಬೇರೂರಿದೆ. ತನ್ನೂರಿನ ಹಣ್ಣು ಬಡತನದ ಗುರುತು, ಕೊಂಡು ತಂದ ಹಣ್ಣು ಮರ್ಯಾದೆಯ ಗುರುತು ಎಂಬ ಭಾವನೆ ಎಂದು ಮೊದಲಾಯಿತೋ ಹೇಳುವುದು ಕಷ್ಟ. ಅದರ ಪರಿಣಾಮವಂತೂ ಬೆಟ್ಟದ ಮರಗಳ ಮೇಲೆ ಆಗುತ್ತಿದೆ.

ಹಲಸನ್ನೇ ನೋಡಬಹುದು. ಹಲಸಿನಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಒಂದು ಮರದ ಪರಾಗ ಇನ್ನೊಂದು ಮರಕ್ಕೆ ಹೋಗುವುದೇ ಹೆಚ್ಚು. ಹೀಗಾಗಿ ಬೀಜದಿಂದ ಹುಟ್ಟಿದ ಪ್ರತಿಯೊಂದು ಮರವೂ ತಳಿಗುಣದಲ್ಲಿ ತನ್ನಷ್ಟಕ್ಕೆ ತಾನೇ ಒಂದು ಬೇರೆ ಹಲಸು. ಬಕ್ಕೆ, ಅಂಬಲಿ ಎಂದು ಎರಡಾಗಿ ವಿಂಗಡಿಸುವುದು ಬಾಯಿಯ ಅನುಕೂಲಕ್ಕೆ ಮಾತ್ರ. ಬಕ್ಕೆಯಲ್ಲಿಯೇ ಬಿಳಿ, ಹಳದಿ, ಕಿತ್ತಳೆ, ತಾಮ್ರದ ಬಣ್ಣದ ತೊಳೆಗಳಿವೆ. ಮೇ ತಿಂಗಳಲ್ಲಿ ಹಣ್ಣಾಗುವ ಮರವಿದೆ, ಮಳೆ ಹಿಡಿದ ಮೇಲೆ ಹಣ್ಣಾಗಿ ನೀರುಂಡು ಸಪ್ಪೆಯಾಗುವ ಮರವೂ ಇದೆ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ, ಚಿಕ್ಕ ಗಾತ್ರದ, ಕೆಂಪು ತೊಳೆಯ ಹಲಸಿನ ಮರವನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ, ‘ಸಿದ್ದು’ ಎಂಬ ಹೆಸರಿನಲ್ಲಿ ಅದರ ಕಸಿ ಗಿಡಗಳ ಮಾರಾಟಕ್ಕೆ 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡಿತು. ಮಾರಾಟದ ಆದಾಯದ ಬಹುಪಾಲು ಮರದ ಒಡೆಯರಿಗೇ ಸಲ್ಲುವ ಏರ್ಪಾಡು ಅದು. ಆ ಮರವೂ ಯಾರೋ ತಿಂದು ಎಸೆದ ಅಥವಾ ನೆಟ್ಟ ಒಂದು ಬೀಜದಿಂದ ಹುಟ್ಟಿದ್ದೇ.

ಮಲೆನಾಡಿನ ಸೊಪ್ಪಿನ ಬೆಟ್ಟಗಳಲ್ಲಿ, ಕೊಟ್ಟಿಗೆಯ ಹಿಂದೆ, ಗದ್ದೆಯ ಅಂಚಿನಲ್ಲಿ ಅಂಥ ಮರಗಳು ಎಷ್ಟಿವೆಯೋ ಯಾರೂ ಎಣಿಸಿಲ್ಲ. ಎಣಿಸುವ ಮೊದಲೇ ಅವು ಬಾಗಿಲು, ಮಂಚ, ಮೇಜುಗಳಾಗುತ್ತಿವೆ. ಹಲಸಿನ ದಿಮ್ಮಿಗೆ ಕೊಡುವ ಬೆಲೆ ಕಣ್ಣಿಗೆ ಕಾಣುತ್ತದೆ. ಹಣ್ಣಿಗೆ ಬೆಲೆಯೇ ಇಲ್ಲದಿದ್ದರೆ ಮನೆಯ ಯಜಮಾನ ಮರವನ್ನು ಉಳಿಸಿಕೊಳ್ಳಲು ಯಾವ ಕಾರಣ ಹುಡುಕಬೇಕು? ನೆರೆಯ ಕೇರಳ ರಾಜ್ಯ 2018ರಲ್ಲಿ ಹಲಸನ್ನು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ನಮ್ಮಲ್ಲಿ ‘ಅಡಿಕೆ ಪತ್ರಿಕೆ’ಯಂಥ ಕೃಷಿಕರ ಪತ್ರಿಕೆ ವರ್ಷಗಳಿಂದ ಹಲಸಿನ ಪರ ಬರೆಯುತ್ತ ಬಂದಿದೆ, ಊರೂರಲ್ಲಿ ಹಲಸಿನ ಮೇಳಗಳು ನಡೆಯುತ್ತಿವೆ. ಮೇಳ ಮುಗಿಯುವುದು ಎರಡು ದಿನದಲ್ಲಿ, ಹಣ್ಣಿನ ಕಾಲ ಮೂರು ತಿಂಗಳು. ಉಳಿದ ದಿನಗಳಿಗೆ ಗಿರಾಕಿ ಯಾರು ಎಂದರೆ ದಾರಿಹೋಕನೇ. ತೊಳೆ ಬಿಡಿಸಿ ಬಾಳೆಲೆಯಲ್ಲಿಟ್ಟು ಕೊಟ್ಟರೆ ನಿಂತು ತಿನ್ನದವರು ಕಡಿಮೆ. ಇಡೀ ಹಣ್ಣು ಕೊಳ್ಳಲು ಹೆದರುವವನ ಭಯ ಮೇಣ ಮತ್ತು ಚಾಕುವಿನದ್ದು. ಆ ಕೆಲಸವನ್ನು ಮಾರುವವರೇ ಮಾಡಿಕೊಟ್ಟರೆ ಒಂದು ಹಣ್ಣು ಹತ್ತು ಪಾಲಾಗಿ ಹತ್ತು ಪಟ್ಟು ಮಾತನಾಡುತ್ತದೆ. ಅಂಬಲಿ ಹಲಸನ್ನು ಪ್ರವಾಸಿಗರು ಮೆಚ್ಚುವುದಿಲ್ಲವೆಂಬುದು ನಿಜ. ಆದರೆ ಅದೇ ಅಂಬಲಿಯ ರಸದ ಕಡುಬನ್ನು ಬಾಳೆಲೆಯಿಂದ ಬಿಚ್ಚಿ ತುಪ್ಪದೊಡನೆ ಕೊಟ್ಟ ಮನೆಯನ್ನು ಯಾರೂ ಮರೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳಲೇಬೇಕು. ಎಲ್ಲ ಹಣ್ಣಿಗೂ ಬೇಡಿಕೆ ಒಳ್ಳೆಯದನ್ನೇ ಮಾಡುವುದಿಲ್ಲ. ಅಪ್ಪೆಮಿಡಿಯ ಕತೆ ಘಟ್ಟದವರಿಗೆ ಗೊತ್ತಿದೆ. ಅಘನಾಶಿನಿ, ಶರಾವತಿ, ಬೇಡ್ತಿ, ವರದಾ ನದಿಗಳ ದಂಡೆಯಲ್ಲಿ ತಾವಾಗಿಯೇ ಬೆಳೆದ ಈ ಮಾವಿನ ಮರಗಳ ಎಳೆಯ ಮಿಡಿಗೆ ಜೀರಿಗೆಯ ವಾಸನೆ, ಕರ್ಪೂರದ ವಾಸನೆ ಎಂದು ಒಂದೊಂದು ಮರಕ್ಕೆ ಒಂದೊಂದು ಗುರುತು. ಅನಂತಭಟ್ಟನ ಅಪ್ಪೆಯಂಥ ಕೆಲವಕ್ಕೆ ಹೆಸರೂ ಬಿದ್ದಿದೆ. ವಾಸನೆ ಇರುವುದು ಸೊನೆಯಲ್ಲಿ. ಆದ್ದರಿಂದ ತೊಟ್ಟು ಮುರಿಯದಂತೆ, ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗದಂತೆ ಕೊಯ್ಯಬೇಕು. ಬಲ್ಲವರು ಮರ ಹತ್ತಿ, ಕೊಯ್ದದ್ದನ್ನು ಹಗ್ಗಕಟ್ಟಿದ ಬುಟ್ಟಿಯಲ್ಲಿ ಕೆಳಗಿಳಿಸುತ್ತಾರೆ. ಬೆಲೆ ಏರಿದಂತೆ ಅವಸರದ ಕೈಗಳು ಬಂದವು. ಕೊಂಬೆಯನ್ನೇ ಕಡಿದು ಬೀಳಿಸಿ ಮಿಡಿ ಆರಿಸಿಕೊಳ್ಳುವ ಪದ್ಧತಿ ಬಂತು. ಕೊಂಬೆ ಹೋದ ಮರ ಮತ್ತೆ ತುಂಬಿ ಕಾಯಿ ಬಿಡಲು ವರ್ಷಗಳು ಬೇಕು. ಮಿಡಿಯನ್ನೆಲ್ಲ ಕೊಯ್ದರೆ ಹಣ್ಣಾಗಿ ಓಟೆ ಬೀಳುವುದೆಂತು, ಹೊಸ ಗಿಡ ಮೊಳೆಯುವುದೆಂತು? ಕಸಿ ಕಟ್ಟಿ ತಳಿ ಉಳಿಸುವ ಕೆಲಸ ಸಾಗಿದೆ, ಅದು ಆಗಲೇಬೇಕಾದ ಕೆಲಸ. ಆದರೆ ಕಸಿ ಗಿಡ ಒಂದು ತಾಯಿಮರದ ಪ್ರತಿರೂಪ ಮಾತ್ರ; ಹೊಳೆದಂಡೆಯಲ್ಲಿ ಬೀಜದಿಂದ ಬೀಜಕ್ಕೆ ಬದಲಾಗುತ್ತ ಬಂದ ವೈವಿಧ್ಯವನ್ನು ತೋಟದ ನಾಲ್ಕು ಸಾಲುಗಳು ತುಂಬಿಕೊಡಲಾರವು. ಉಪ್ಪಿನಕಾಯಿಯ ಡಬ್ಬಿ ಕೊಳ್ಳುವ ಪ್ರವಾಸಿ, ಮಿಡಿ ಎಲ್ಲಿಯದು, ಹೇಗೆ ಕೊಯ್ದದ್ದು ಎಂದು ಒಂದು ಮಾತು ಕೇಳಿದರೆ ಮಾರುವವರು ಬೇಸರಿಸಿಕೊಳ್ಳಬಾರದು. ಅಪ್ಪೆಮಿಡಿಗೂ ಭೌಗೋಳಿಕ ಸೂಚಕವಿದೆ. ಆ ಹೆಸರಿನ ಡಬ್ಬಿಯೊಳಗೆ ಎಲ್ಲಿಯದೋ ಸಾದಾ ಮಾವಿನ ಮಿಡಿ ತುಂಬುವವರು ಊರಿನ ಮರವನ್ನೇ ಕಡಿಯುವವರಿಗಿಂತ ಕಡಿಮೆ ಹಾನಿ ಮಾಡುತ್ತಿಲ್ಲ.

ಕಾಡಿನ ಹಣ್ಣಿಗೆ ಬೇರೆ ಹಕ್ಕುದಾರರೂ ಇದ್ದಾರೆ. ಸಿಂಗಳೀಕಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ರೂಪುಗೊಂಡಿತು. ಉಪ್ಪಾಗೆ, ಹೆಬ್ಬಲಸು, ನೇರಳೆಯಂಥ ಮರಗಳನ್ನು ನಂಬಿ ಬದುಕುವ ಆ ಪ್ರಾಣಿಗೆ ಪೇಟೆ ಇಲ್ಲ. ಮಂಗಗಳು ತೋಟಕ್ಕೆ ನುಗ್ಗುತ್ತವೆಂದು ದೂರುವ ಊರುಗಳು, ಹಣ್ಣಿನ ಮರದ ಜಾಗದಲ್ಲಿ ಅಕೇಶಿಯಾ ನಿಂತದ್ದನ್ನೂ ಅದೇ ಉಸಿರಿನಲ್ಲಿ ನೆನೆಯಬೇಕಾಗುತ್ತದೆ. ಆದ್ದರಿಂದ ಪ್ರವಾಸಿಗೆ ಮಾರುವ ಹಣ್ಣು ಹಿತ್ತಲಿನದ್ದು, ಬೆಟ್ಟದ್ದು ಆಗಿರಲಿ; ದಟ್ಟ ಕಾಡಿನದ್ದು ಕಾಡಿಗೇ ಇರಲಿ ಎಂಬ ಗೆರೆಯನ್ನು ಊರಿನವರೇ ಎಳೆದುಕೊಳ್ಳುವುದು ಲೇಸು. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೊಟ್ಟಿರುವುದು ಸಂಗ್ರಹಿಸಿ ಬಾಳುವ ಸಮುದಾಯಗಳಿಗೆ; ಚಾರಣಕ್ಕೆ ಬಂದು ‘ಕಾಡು ಹಣ್ಣಿನ ಅನುಭವ’ ಹುಡುಕುವವರಿಗೆ ಅದರಲ್ಲಿ ಪಾಲಿಲ್ಲ.

ಮುರುಗಲಿನ ವಿಷಯ ಬೇರೆ. ಅದು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಮುಂಗಾರು ಬೇಗ ಬಂದರೆ ಮರದಲ್ಲೇ ಕೊಳೆಯುತ್ತದೆ. ಸಿಪ್ಪೆಗೆ ಸಕ್ಕರೆ ಬೆರೆಸಿ ಭರಣಿಯಲ್ಲಿಟ್ಟರೆ ಪಾನಕದ ರಸ, ಒಣಗಿಸಿದರೆ ಸಾರಿಗೆ ಹುಳಿ, ಬೀಜ ಕುದಿಸಿದರೆ ಚಳಿಗಾಲದ ಒಡೆದ ಹಿಮ್ಮಡಿಗೆ ಹಚ್ಚುವ ತುಪ್ಪ. ಎಸೆಯುವ ಭಾಗವೇ ಇಲ್ಲದ ಹಣ್ಣು. ಬಿಸಿಲಿನಲ್ಲಿ ಘಟ್ಟ ಹತ್ತಿ ಬಂದವನಿಗೆ ಇದಕ್ಕಿಂತ ಹಿತವಾದ ಪಾನೀಯ ಇನ್ನೊಂದಿರಲಾರದು. ಆದರೆ ದಾರಿ ಬದಿಯಲ್ಲಿ ‘ಕೋಕಂ’ ಹೆಸರಿನ ಕೆಂಪು ನೀರೆಲ್ಲ ಮುರುಗಲಲ್ಲ. ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮುರುಗಲಿನ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹುಳಿ ಇರುವವರೆಗೆ ಅದು ಕೆಂಪು. ಲೋಟದ ರಸಕ್ಕೆ ಅಡುಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋದರೆ ನೊರೆಯೆದ್ದು, ಹುಳಿ ತಣಿದ ಮೇಲೆ ಬಣ್ಣ ನೀಲಿಯ ಕಡೆಗೆ ಕಪ್ಪಿಡುತ್ತದೆ. ಪೇಟೆಯ ಕೃತಕ ಕೆಂಪು ಬಹುಮಟ್ಟಿಗೆ ಕೆಂಪಾಗಿಯೇ ಉಳಿಯುತ್ತದೆ. ಪರೀಕ್ಷಿಸಿದ ರಸವನ್ನು ಕುಡಿಯದೆ ಚೆಲ್ಲಬೇಕು.

ಮಾವಿನ ವಿಷಯದಲ್ಲಿ ಮೋಸ ಇನ್ನೂ ಅಪಾಯಕಾರಿ. ಬಲಿಯದ ಕಾಯನ್ನು ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನ ಪ್ರಕಾರ ನಿಷಿದ್ಧ. ಪೇಟೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಅಂಶ ಬೆರೆತಿರುತ್ತದೆ. ಎಥಿಲೀನ್ ಅನಿಲವನ್ನು ನಿಗದಿತ ಪ್ರಮಾಣದಲ್ಲಿ ಬಳಸಲು ಅನುಮತಿಯಿದೆ. ಏಕೆಂದರೆ ಹಣ್ಣು ತಾನೇ ಬಿಡುವ ಅನಿಲವೂ ಅದೇ. ಮೈಯೆಲ್ಲ ಒಂದೇ ಸಮನೆ ಹಳದಿ, ಮೂಗಿಗೆ ವಾಸನೆಯಿಲ್ಲ, ಒಳಗೆ ಓಟೆಯ ಬಳಿ ಹುಳಿ ಎಂದಾದರೆ ಅನುಮಾನ ಪಡಲು ಕಾರಣವಿದೆ. ಇದಕ್ಕಿಂತ ಸರಳವಾದ ಪರೀಕ್ಷೆ ಕಾಲದ್ದು: ಫೆಬ್ರವರಿಯಲ್ಲಿ ಯಾರಾದರೂ ಇಶಾಡವೆಂದು ಹಣ್ಣು ಮಾರಿದರೆ ಅದು ಇಶಾಡವಾಗಿರಲಾರದು. ಬನವಾಸಿ ಸೀಮೆಯ ಅನಾನಸಿಗೆ ಈ ಮಾತು ಹೊಂದುವುದಿಲ್ಲ. ಇಥೆಫಾನ್ ಸಿಂಪಡಿಸಿ ಬೇಕಾದ ತಿಂಗಳಿಗೆ ಹೂ ಬಿಡಿಸುವ ಪದ್ಧತಿಯಿಂದ ಅದು ವರ್ಷದ ಹೆಚ್ಚು ದಿನ ದೊರೆಯುವ ಹಣ್ಣಾಗಿದೆ.

ಆರೋಗ್ಯದ ಎರಡು ಎಚ್ಚರಿಕೆಗಳನ್ನು ಅತಿಥಿಗಳಿಗೆ ಹೇಳುವ ಹೊಣೆ ಆತಿಥೇಯರದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ; ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಪ್ರವಾಸದ ಕಾಲದಲ್ಲಿಯೇ, ಅದರ ಹಾವಳಿ ಹೆಚ್ಚು. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹಣ್ಣು ಆರಿಸಲು ಯಾರನ್ನೂ ಕರೆದೊಯ್ಯಬಾರದು. ಬಾವಲಿ ಕಚ್ಚಿದ, ನೆಲಕ್ಕೆ ಬಿದ್ದ ಹಣ್ಣನ್ನು ತಿನ್ನಬಾರದೆಂಬುದನ್ನು 2018ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನಿಪಾ ರೋಗ ಕಲಿಸಿದೆ.

ಮತ್ತೆ ಬುಟ್ಟಿಯ ಬಳಿಗೆ ಬಂದರೆ, ಅದನ್ನಿಡಲು ಜಾಗವೇ ಇಲ್ಲವಾಗುತ್ತಿದೆ. ಹೆದ್ದಾರಿ ಅಗಲವಾದಲ್ಲೆಲ್ಲ ದಾರಿ ಬದಿಯ ಮಾವು, ನೇರಳೆಗಳು ಉರುಳಿವೆ. ನೆರಳಿನೊಡನೆ ನೆರಳಿನಡಿ ಕುಳಿತವರೂ ಎದ್ದಿದ್ದಾರೆ. ವಾಹನಗಳ ವೇಗ ಎಷ್ಟೆಂದರೆ ಬುಟ್ಟಿ ಕಣ್ಣಿಗೆ ಬೀಳುವಷ್ಟರಲ್ಲಿ ಅರ್ಧ ಫರ್ಲಾಂಗು ದಾಟಿರುತ್ತದೆ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಬಂದ ಕಾಯ್ದೆ ನಗರ, ಪಟ್ಟಣಗಳನ್ನು ಕುರಿತದ್ದು. ಹಳ್ಳಿಯ ಗಡಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ವರ್ಷಕ್ಕೆ ಆರು ವಾರ ಕುಳಿತು ಮಾರುವ ಹೆಣ್ಣುಮಗಳು ಅದರ ಕಣ್ಣಿಗೆ ಬಿದ್ದಿಲ್ಲ. ರಸ್ತೆ ಅಗಲೀಕರಣದ ನಕ್ಷೆಯಲ್ಲಿ ಟೋಲ್ ಕಟ್ಟೆಗೆ, ಪೆಟ್ರೋಲ್ ಬಂಕಿಗೆ ಜಾಗವಿದೆ. ಘಟ್ಟದ ಬುಡದಲ್ಲಿ ಮತ್ತು ತುದಿಯಲ್ಲಿ, ವಾಹನ ಸುರಕ್ಷಿತವಾಗಿ ನಿಲ್ಲುವಂಥ ಕಡೆ, ಮಾಡು ಹಾಕಿದ ನಾಲ್ಕು ಕಟ್ಟೆ ಮತ್ತು ಒಂದು ನೀರಿನ ನಲ್ಲಿಯನ್ನು ಕೇಳುವುದು ಅತಿಯಾಸೆಯಲ್ಲ. ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯ ಠರಾವಿನೊಡನೆ ಇದನ್ನು ಲಿಖಿತವಾಗಿ ಕೇಳಬೇಕು. ಕಾಮಗಾರಿ ಮುಗಿದ ಮೇಲೆ ಕೇಳಿದರೆ ಸಿಗುವುದು ಫಲಕ ಮಾತ್ರ.

ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಪದ್ಮಶ್ರೀ ಪಡೆದ ಆ ಹಾಲಕ್ಕಿ ಹಿರಿಯರ ಹೆಚ್ಚುಗಾರಿಕೆ ಗಿಡ ನೆಟ್ಟ ಸಂಖ್ಯೆಯಲ್ಲಿ ಮಾತ್ರ ಇರಲಿಲ್ಲ. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕೆಂಬ ತಿಳಿವಿನಲ್ಲಿತ್ತು. ಆ ತಿಳಿವು ಹಣ್ಣು ಮಾರುವ ಹಲವು ಅಜ್ಜಿಯರಲ್ಲಿ ಇನ್ನೂ ಉಳಿದಿದೆ. ಯಾವ ಮನೆಯ ಯಾವ ಮರದ ಹಣ್ಣೆಂದು ಕೇಳಿದರೆ ಅವರು ಹೇಳುತ್ತಾರೆ. ಜೀವವೈವಿಧ್ಯ ಕಾಯ್ದೆ 2002ರಂತೆ ಪ್ರತಿ ಪಂಚಾಯಿತಿಯಲ್ಲಿ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಮರಗಳು ಒಂದೊಂದಾಗಿ ಸೇರಬೇಕು: ಮನೆಯ ಹೆಸರು, ಹಣ್ಣಾಗುವ ತಿಂಗಳು, ತೊಳೆಯ ಬಣ್ಣ, ರುಚಿ. ಕಾಲೇಜಿನ ಮಕ್ಕಳು ರಜೆಯಲ್ಲಿ ಮಾಡಬಹುದಾದ ಕೆಲಸವಿದು, ತಿಂದೇ ಮಾಡಬೇಕಾದ ಕೆಲಸ. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಮೆಚ್ಚಿದ ಮರದ ಬೀಜವನ್ನು ತೊಳೆದು, ನೆರಳಿನಲ್ಲಿಟ್ಟು, ಆ ವಾರದಲ್ಲಿಯೇ ಮಣ್ಣಿಗೆ ಹಾಕಬೇಕು; ಜೂನ್ ಮಳೆ ಹಿಡಿಯುವ ಹೊತ್ತಿಗೆ ಅದು ಬೇರು ಬಿಟ್ಟಿರುತ್ತದೆ.