ಲೆಕ್ಕ ತಪ್ಪಿದ ಮೇಲೂ ಬರೆಯುತ್ತಾ ಹೋಗಬೇಕಾ?

ಚೆನ್ನಾಗಿದ್ದ ಫೋನು ಇದ್ದಕ್ಕಿದ್ದಂತೆ ಆಫ್ ಆಗಿ, ತಾನೇ ಮತ್ತೆ ಆನ್ ಆಗುವುದನ್ನು ನೀವೂ ನೋಡಿರುತ್ತೀರಿ. "ಕೆಟ್ಟೋಯ್ತು ಇದು" ಅಂತ ಬೈದಿರುತ್ತೀರಿ. ನಾವೂ ಬೈದಿದ್ದೇವೆ. ಆದರೆ ಕೆಲವೊಮ್ಮೆ ಹಾಗೆ ನಿಲ್ಲುವುದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ.

ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಕರ್ನಲ್ ಇದೆ. ಇಡೀ ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರ್ ಅದು. ಒಂದು ಆ್ಯಪ್ ಕೆಟ್ಟರೆ ಕರ್ನಲ್ ಅದೊಂದನ್ನೇ ಮುಚ್ಚುತ್ತದೆ. ಕರ್ನಲ್ಲೇ ದಾರಿ ತಪ್ಪಿದರೆ ತಿದ್ದಲು ಅದರ ಮೇಲೆ ಯಾರೂ ಇಲ್ಲ. ಸರಿಮಾಡಲಾಗದ ತಪ್ಪಾದರೆ ಎಲ್ಲ ಕೆಲಸ ನಿಲ್ಲಿಸುತ್ತದೆ. ಇದೇ ಕರ್ನಲ್ ಪ್ಯಾನಿಕ್. ವಿಂಡೋಸ್ ಕಂಪ್ಯೂಟರಿನ ನೀಲಿ ಪರದೆಯೂ ಇದೇ ಜಾತಿಯದು.

ಇನ್ನು ನಮ್ಮ ಫೋಟೋ, ಪಹಣಿ ಎಲ್ಲಿವೆ ಎಂದು ಲೆಕ್ಕ ಇಡುವುದು ಫೈಲ್ ಸಿಸ್ಟಮ್. ಹಾಲಿನ ಡೇರಿಯ ಪುಸ್ತಕ ಇದ್ದ ಹಾಗೆ. ಪುಸ್ತಕದ ಲೆಕ್ಕ ತಾಳೆಯಾಗದಿದ್ದರೆ ಕಾರ್ಯದರ್ಶಿ ಏನು ಮಾಡಬೇಕು? ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಮೂರು ದಾರಿ ಇವೆ. ಒಂದು, ತಪ್ಪಿದೆ ಎಂದು ಗುರುತು ಹಾಕಿ ಬರೆಯುತ್ತಾ ಹೋಗುವುದು. ಎರಡು, ಓದಲು ಮಾತ್ರ ಬಿಟ್ಟು ಬರೆಯುವುದನ್ನು ನಿಲ್ಲಿಸುವುದು. ಮೂರು, ಡೇರಿಗೇ ಬೀಗ ಹಾಕುವುದು, ಅಂದರೆ ಪ್ಯಾನಿಕ್.

ಬೀಗ ಹಾಕಿದರೆ ನಷ್ಟ ಇಲ್ಲ ಅಂತಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ವಿಮಾನಗಳು ಹಾರಲಿಲ್ಲ, ಆಸ್ಪತ್ರೆಗಳು ಪರದಾಡಿದವು.

ಆದರೆ ತಪ್ಪನ್ನು ಮುಚ್ಚಿಟ್ಟು ಮುಂದೆ ಹೋಗುವುದು ಇನ್ನೂ ಅಪಾಯ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ನಡೆಸುವವರಿಗೆ 2018ರಲ್ಲಿ ಇದು ಗೊತ್ತಾಯಿತು. ಡಿಸ್ಕಿಗೆ ಬರೆಯಲು ಆಗದಿದ್ದಾಗ ಲಿನಕ್ಸ್ ಒಮ್ಮೆ "ಆಗಲಿಲ್ಲ" ಎನ್ನುತ್ತಿತ್ತು. ಮತ್ತೆ ಕೇಳಿದರೆ "ಆಯಿತು" ಎನ್ನಬಹುದಿತ್ತು. ಡಿಸ್ಕಿನಲ್ಲಿ ನೋಡಿದರೆ ಮಾಹಿತಿಯೇ ಇಲ್ಲ! 2019ರಲ್ಲಿ ಪೋಸ್ಟ್‌ಗ್ರೆಸ್‌ನವರು ತಮ್ಮ ನಿಯಮ ಬದಲಿಸಿದರು. ಈಗ ಮೊದಲ "ಆಗಲಿಲ್ಲ"ಕ್ಕೇ ಡೇಟಾಬೇಸ್ ನಿಲ್ಲುತ್ತದೆ, ತಾನು ಮೊದಲೇ ಬರೆದಿಟ್ಟ ದಿನಚರಿ ನೋಡಿ ಲೆಕ್ಕ ಸರಿಮಾಡಿಕೊಂಡು ಏಳುತ್ತದೆ.

ಓದುವಾಗ ನಮ್ಮ ಹತ್ತಿರ ಲಿನಕ್ಸ್ ಹಾಕಿದ ಒಂದು ಹಳೆ ಲ್ಯಾಪ್‌ಟಾಪ್ ಇತ್ತು. ಗ್ರಾಮಸಭೆಯ ವಿಡಿಯೋ ಇದ್ದ ಪೆನ್‌ಡ್ರೈವ್ ಹಾಕಿದರೆ "ಓದಬಹುದು, ಬರೆಯುವಂತಿಲ್ಲ" ಎಂದಿತು. ಸಿಟ್ಟು ಬಂದು ಫಾರ್ಮ್ಯಾಟ್ ಮಾಡಿಬಿಟ್ಟೆವು. ವಿಡಿಯೋ ಹೋಯಿತು. ಊರವರು ನೀರಿಗಾಗಿ ಕೇಳಿದ ಪ್ರಶ್ನೆಗಳೆಲ್ಲ ಅದರಲ್ಲೇ ಇದ್ದವು. ಮೊದಲು ಕಾಪಿ ಮಾಡಿಕೊಳ್ಳಿ ಎಂದೇ ಆ ಎಚ್ಚರಿಕೆಯ ಅರ್ಥ ಎಂದು ನಮಗೆ ತಿಳಿದದ್ದು ಆಮೇಲೆ.

ಹಾಗಾಗಿ ನಮಗೆ ಎರಡನೇ ದಾರಿಯೇ ಇಷ್ಟ. ಇದ್ದದ್ದು ಉಳಿಯುತ್ತದೆ, ತಪ್ಪು ಬೆಳೆಯುವುದಿಲ್ಲ. ಆದರೆ ಯಾಕೆ ನಿಂತೆ ಎಂದು ಯಂತ್ರ ನಮ್ಮ ಕನ್ನಡದಲ್ಲಿ ಹೇಳಬೇಕು. ಅಂದು ಆ ಪರದೆ ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿ ಸುಮ್ಮನಾಗಿತ್ತು. "ಮೊದಲು ಕಾಪಿ ಮಾಡಿಕೊಳ್ಳಿ" ಎಂದು ಕನ್ನಡದಲ್ಲಿ ಬರೆದಿದ್ದರೆ ನಾವು ಕೈ ತಡೆಯುತ್ತಿದ್ದೆವು.